ಸೈನಿಕ ಹುಳುವಿನ ಲೇಖನವೂ ಅದನ್ನು ಊರಿಗೆ ಸಾರುವ ಕಿರುಸಂದೇಶದ ಒಕ್ಕಣೆಯೂ

ಕಂದಾಯದ ಕಂತು, ಜಾತ್ರೆಯ ದಿನ, ದನಗಳಿಗೆ ಚುಚ್ಚುಮದ್ದು ಹಾಕುವ ಸ್ಥಳ ಮೊದಲಾದ ಸಂಗತಿಗಳನ್ನು ತಳವಾರನು ತಮಟೆ ಹೊಡೆದು ಸಾರುತ್ತಿದ್ದ ಕಾಲವನ್ನು ಗ್ರಾಮಗಳ ಹಿರಿಯರು ಬಲ್ಲರು. ಆತನು ಸರ್ಕಾರದ ಹುಕುಮನ್ನು ಆದ್ಯಂತವಾಗಿ ಓದುತ್ತಿರಲಿಲ್ಲ. ಸಂಗತಿಯು ಯಾರಿಗೆ ಸಂಬಂಧಿಸಿದ್ದು, ಯಾವ ದಿನ ನಡೆಯತಕ್ಕದ್ದು, ಎಲ್ಲಿಗೆ ಹೋಗಿ ವಿಚಾರಿಸಬೇಕು ಎಂಬ ಮೂರು ಮಾತುಗಳನ್ನು ಕೂಗಿ ಮುಂದಿನ ಕೇರಿಗೆ ನಡೆಯುತ್ತಿದ್ದನು. ವಿವರ ಬೇಕಾದವರು ಚಾವಡಿಗೆ ಬರುತ್ತಿದ್ದರು. ಈಗ ಆ ಕಾರ್ಯವನ್ನು ಬಹುಮಟ್ಟಿಗೆ ವಾಟ್ಸ್‌ಆಪ್, ಫೇಸ್‌ಬುಕ್ ಮುಂತಾದ ಸಾಮಾಜಿಕ ಜಾಲತಾಣಗಳು ವಹಿಸಿಕೊಂಡಿವೆ. ಆದರೆ ತಮಟೆಯವನಲ್ಲಿದ್ದ ಮಿತಭಾಷೆಯು ಅಲ್ಲಿ ಬರೆಯುವವರಲ್ಲಿ ಅಪರೂಪವಾಗಿರುವುದರಿಂದ, ಬೇಸಾಯಗಾರರಿಗೆ ನಿಜವಾಗಿ ಪ್ರಯೋಜನಕರವಾದ ಅನೇಕ ಲೇಖನಗಳು ಓದುವವರಿಲ್ಲದೆ ಹೋಗುತ್ತಿವೆ.

ಲಾಭಾಪೇಕ್ಷೆಯಿಲ್ಲದೆ ಕೆಲಸಮಾಡುವ ಸೇವಾಸಂಸ್ಥೆಗಳು ನಮ್ಮ ಪ್ರಾಂತದಲ್ಲಿ ಹಲವು ಇವೆ. ಅವು ಬೆಳೆಯ ಪೀಡೆ, ಮಣ್ಣಿನ ಸಾರ, ನೀರಿನ ಮಿತವ್ಯಯ ಮುಂತಾದ ವಿಷಯಗಳ ಮೇಲೆ ತಜ್ಞರಿಂದ ಲೇಖನಗಳನ್ನು ಬರೆಯಿಸಿ ಪ್ರಕಟಿಸುತ್ತವೆ. ಔಷಧದ ವ್ಯಾಪಾರಿಗಳಂತೆ ಜಾಹೀರಾತಿಗೆ ಹಣ ಸುರಿಯುವ ಶಕ್ತಿ ಅವಕ್ಕಿಲ್ಲ. ಆದುದರಿಂದ ಲೇಖನವೊಂದು ಸಿದ್ಧವಾದ ಕೂಡಲೆ ಅದಕ್ಕೆ ನಾಲ್ಕು ಸಾಲಿನ ಸಂದೇಶವನ್ನು ಜೋಡಿಸಿ, ಗ್ರಾಮ ಪಂಚಾಯಿತಿಯ ಅಧ್ಯಕ್ಷರಿಗೂ ದೊಡ್ಡ ಹಿಡುವಳಿದಾರರಿಗೂ ಕಳುಹಿಸಿ, ಊರಿನ ಗುಂಪುಗಳಲ್ಲಿ ಹಂಚುವಂತೆ ಕೇಳಿಕೊಳ್ಳುತ್ತವೆ. ಲೇಖನವು ಹೊಲವನ್ನು ಮುಟ್ಟುವುದೂ ಮುಟ್ಟದಿರುವುದೂ ಆ ನಾಲ್ಕು ಸಾಲಿನ ಒಕ್ಕಣೆಯನ್ನು ಅವಲಂಬಿಸಿದೆ. ಈ ಒಕ್ಕಣೆಯು ಹೇಗಿರಬೇಕೆಂಬುದನ್ನು ಮೆಕ್ಕೆಜೋಳದ ಸೈನಿಕ ಹುಳುವಿನ ಉದಾಹರಣೆಯಿಂದ ಇಲ್ಲಿ ವಿವರಿಸಲಾಗಿದೆ.

ಫಾಲ್ ಸೈನಿಕ ಹುಳುವೆಂದು ಕರೆಯಲ್ಪಡುವ ಈ ಪೀಡೆಯು ಮೂಲತಃ ಅಮೆರಿಕ ಖಂಡಗಳದು. 2016ರಲ್ಲಿ ಆಫ್ರಿಕ ಖಂಡದಲ್ಲಿ ಕಾಣಿಸಿಕೊಂಡಿತು. ಭಾರತದಲ್ಲಿ ಮೊಟ್ಟಮೊದಲು ಪತ್ತೆಯಾದುದು ನಮ್ಮ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ, 2018ರ ಮೇ ತಿಂಗಳಲ್ಲಿ. ಹೆಣ್ಣು ಪತಂಗವು ಎಲೆಯ ಮೇಲೆ ಗುಂಪುಗುಂಪಾಗಿ ಮೊಟ್ಟೆಗಳನ್ನಿಟ್ಟು ಅವುಗಳ ಮೇಲೆ ರೋಮದಂಥ ಹೊದಿಕೆಯನ್ನು ಹಾಕುತ್ತದೆ. ಮರಿಹುಳುಗಳು ಎಲೆಯ ಹಸುರನ್ನು ಕೆರೆದು ತಿನ್ನುವುದರಿಂದ ಎಲೆಯಲ್ಲಿ ಕಾಗದದಂತೆ ತೆಳುವಾದ ಬಿಳಿಯ ಕಿಟಕಿಗಳಂಥ ಕಲೆಗಳು ಬೀಳುತ್ತವೆ. ಬೆಳೆದ ಹುಳುವು ಸುಳಿಯೊಳಗೆ ಸೇರಿ ಮರದ ಹೊಟ್ಟಿನಂಥ ಲದ್ದಿಯನ್ನು ತುಂಬುತ್ತದೆ. ಕೆಲವು ಕಡೆ ಇದನ್ನು ಲದ್ದಿ ಹುಳುವೆಂದೇ ಕರೆಯುವುದುಂಟು. ತಲೆಯ ಮೇಲೆ ಬುಡಮೇಲಾದ ಕವಲಿನ ಆಕಾರದ ಬಿಳಿಯ ಗೆರೆ, ಬಾಲದ ಹತ್ತಿರ ಚೌಕವಾಗಿ ನಿಂತ ನಾಲ್ಕು ಕಪ್ಪು ಚುಕ್ಕೆಗಳು, ಇವು ಇದರ ಗುರುತುಗಳು. ಹುಳುವು ಚಿಕ್ಕದಾಗಿರುವಾಗ ನಿಗ್ರಹಿಸುವುದು ಸುಲಭ. ಸುಳಿಯ ಆಳಕ್ಕೆ ಇಳಿದ ಮೇಲೆ ಸಿಂಪಡಣೆಯು ಅದನ್ನು ಮುಟ್ಟುವುದು ಕಷ್ಟ. ನಷ್ಟದ ಬಹುಭಾಗವನ್ನು ಉಂಟುಮಾಡುವುದು ಬಲಿತ ಹುಳುವೇ. ಇದರಿಂದ ಸ್ಪಷ್ಟವಾಗುವುದೇನೆಂದರೆ, ಲೇಖನವು ಎಷ್ಟೇ ಚೆನ್ನಾಗಿದ್ದರೂ ರೈತನು ಅದನ್ನು ಒಂದು ವಾರ ತಡವಾಗಿ ಓದಿದರೆ ಫಲವು ಅಲ್ಪ. ಒಕ್ಕಣೆಯ ವಿಷಯದಲ್ಲಿ ಇಷ್ಟು ಶ್ರಮಪಡಬೇಕಾದ ಕಾರಣವೂ ಇದೇ.

ಸಂಸ್ಥೆಗಳಿಂದ ಸಾಮಾನ್ಯವಾಗಿ ಬರುವ ಸಂದೇಶವು ಹೀಗಿರುತ್ತದೆ: “ಮೆಕ್ಕೆಜೋಳದಲ್ಲಿ ಸಮಗ್ರ ಪೀಡೆ ನಿರ್ವಹಣೆ ಎಂಬ ವಿಷಯದ ಕುರಿತು ನಮ್ಮ ಸಂಸ್ಥೆಯ ತಜ್ಞರು ಸಿದ್ಧಪಡಿಸಿದ ನೂತನ ಲೇಖನವನ್ನು ಪ್ರಕಟಿಸಲು ಹರ್ಷಿಸುತ್ತೇವೆ. ತಾವೆಲ್ಲರೂ ಓದಿ ಪ್ರೋತ್ಸಾಹಿಸಬೇಕಾಗಿ ವಿನಂತಿ.” ಇದರಲ್ಲಿ ಸುಳ್ಳು ಯಾವುದೂ ಇಲ್ಲ. ಆದರೆ ಓದುವವನ ಹೊಲದ ಮಾತೂ ಇದರಲ್ಲಿಲ್ಲ. ಹರ್ಷವು ಸಂಸ್ಥೆಯದು, ಪ್ರೋತ್ಸಾಹವು ಸಂಸ್ಥೆಗೆ, ತಜ್ಞರು ಸಂಸ್ಥೆಯವರು. ರೈತನಿಗೆ ಉಳಿದದ್ದು ಓದುವ ಶ್ರಮ ಮಾತ್ರ. ಕೈಪೆಟ್ಟಿಗೆಯಷ್ಟು ಗಾತ್ರದ ಯಂತ್ರದಲ್ಲಿ ಸಂದೇಶ ಬಂದ ಸೂಚನೆಯು ಕಾಣುವಾಗ ಮೊದಲಿನ ಕೆಲವೇ ಪದಗಳು ಕಣ್ಣಿಗೆ ಬೀಳುತ್ತವೆ. ಮೇಲಿನ ಒಕ್ಕಣೆಯಲ್ಲಿ ಆ ಪದಗಳು “ಸಮಗ್ರ ಪೀಡೆ ನಿರ್ವಹಣೆ” ಎಂಬುವಾಗಿವೆ. ಇಲಾಖೆಯವರಾದ ನಮಗೆ ಅವು ಪ್ರಿಯವಾದ ಮಾತುಗಳು. ಎತ್ತಿಗೆ ಹುಲ್ಲು ಹಾಕುತ್ತ ಒಂದು ಕೈಯಲ್ಲಿ ದೂರವಾಣಿ ಹಿಡಿದವನನ್ನು ಅವು ತಡೆದು ನಿಲ್ಲಿಸಲಾರವು.

ಇದಕ್ಕೆ ವಿರುದ್ಧವಾದ ಇನ್ನೊಂದು ಬಗೆಯ ಒಕ್ಕಣೆಯುಂಟು. “ಎಚ್ಚರ! ಎಚ್ಚರ! ರಾತ್ರೋರಾತ್ರಿ ಹೊಲವನ್ನೇ ನುಂಗುವ ರಾಕ್ಷಸ ಹುಳು ನಿಮ್ಮ ಊರಿಗೆ ಬಂದಿದೆ. ಈ ಸಂದೇಶವನ್ನು ತಕ್ಷಣ ಎಲ್ಲರಿಗೂ ಕಳುಹಿಸಿರಿ.” ಇಂಥದ್ದು ಬೇಗನೆ ಹರಡುತ್ತದೆಂಬುದು ನಿಜ. ಹರಡಿದ ಮೇಲೆ ಏನಾಗುವುದೆಂಬುದನ್ನು ಗ್ರಾಮದ ಮುಖ್ಯಸ್ಥರು ಆಲೋಚಿಸಬೇಕು. ಹೆದರಿದ ರೈತನು ಲೇಖನವನ್ನು ಓದುವುದಿಲ್ಲ. ಅಂಗಡಿಗೆ ಓಡಿ ಕೈಗೆ ಸಿಕ್ಕಿದ ಔಷಧವನ್ನು ತಂದು ಹೊಡೆಯುತ್ತಾನೆ. ಹುಳುವಿಲ್ಲದ ಹೊಲಕ್ಕೆ ಹೊಡೆದ ಔಷಧವು ಹಣದ ನಷ್ಟವಲ್ಲದೆ ಹುಳುವನ್ನು ತಿನ್ನುವ ಮಿತ್ರಕೀಟಗಳ ನಾಶವೂ ಆಗುತ್ತದೆ. ಭೀತಿಯ ಸಂದೇಶಗಳು ಇದಕ್ಕಿಂತ ಘೋರವಾದ ಅನರ್ಥವನ್ನೂ ನಮ್ಮ ನಾಡಿನಲ್ಲಿ ಮಾಡಿವೆ. 2018ರ ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂದು ವಾಟ್ಸ್‌ಆಪಿನಲ್ಲಿ ಹರಡಿದ ಸುಳ್ಳು ಸುದ್ದಿಯನ್ನು ನಂಬಿದ ಜನರ ಗುಂಪು ನಿರಪರಾಧಿಯಾದ ಒಬ್ಬ ಪ್ರಯಾಣಿಕನನ್ನು ಹೊಡೆದು ಕೊಂದಿತು. ದೇಶದ ಹಲವೆಡೆ ಇಂಥ ದುರಂತಗಳು ನಡೆದ ಅದೇ ತಿಂಗಳಲ್ಲಿ, ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಮುಂದೆ ಕಳುಹಿಸದಂತೆ ಆ ಸಂಸ್ಥೆಯು ಭಾರತದಲ್ಲಿ ಮಿತಿಯನ್ನು ಹಾಕಿತು. 2020ರ ಏಪ್ರಿಲಿನಲ್ಲಿ, ಬಹಳ ಸಲ ಕೈದಾಟಿದ ಸಂದೇಶಗಳನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸಬಹುದೆಂದು ಮಿತಿಯನ್ನು ಇನ್ನೂ ಬಿಗಿಮಾಡಿತು. ಅಂಥ ಸಂದೇಶದ ಮೇಲೆ ಜೋಡಿ ಬಾಣದ ಗುರುತೂ ಬೀಳುತ್ತದೆ.

ಈ ಮಿತಿಯು ಸೇವಾಸಂಸ್ಥೆಗಳಿಗೆ ಅಡ್ಡಿಯೆಂದು ಕೆಲವರು ಹೇಳುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಇದು ಉಪಕಾರವೇ ಆಗಿದೆ. ಜೋಡಿ ಬಾಣವಿರುವ ಸಂದೇಶವು ಊರೂರು ಅಲೆದು ಬಂದದ್ದು. ಅದಕ್ಕೆ ಹೊಣೆಗಾರರು ಯಾರೂ ಇಲ್ಲ. ಅದೇ ಲೇಖನದ ಕೊಂಡಿಯನ್ನು ಇಟ್ಟುಕೊಂಡು, ಅದರ ಮೇಲೆ ಪಂಚಾಯಿತಿಯ ಅಧ್ಯಕ್ಷರು ಅಥವಾ ಊರಿನ ಹಿರಿಯ ಬೇಸಾಯಗಾರರು ತಾವೇ ಎರಡು ಸಾಲು ಬರೆದರೆ ಅದು ನಮ್ಮೂರಿನ ಮಾತಾಗುತ್ತದೆ, ಬರೆದವರ ಮುಖವೂ ಜನರಿಗೆ ಕಾಣುತ್ತದೆ. ಸಂಸ್ಥೆಯ ಒಕ್ಕಣೆಯನ್ನು ಹಾಗೆಯೇ ದಾಟಿಸುವುದಕ್ಕಿಂತ ತಮ್ಮ ಊರಿಗೆ ತಕ್ಕಂತೆ ಹೊಸದಾಗಿ ಬರೆಯುವುದೇ ಲೇಸು.

ಹಾಗಾದರೆ ಬರೆಯುವುದು ಹೇಗೆ? ಮಾದರಿಗಾಗಿ ಒಂದನ್ನು ಕೊಡುತ್ತೇವೆ: “ಮೆಕ್ಕೆಜೋಳ ಬಿತ್ತಿ ಹದಿನೈದು ದಿನ ಆಯಿತೇ? ನಾಳೆ ಬೆಳಿಗ್ಗೆ ಹೊಲದಲ್ಲಿ ಸುಳಿ ಬಿಡಿಸಿ ನೋಡಿರಿ. ಎಲೆಯಲ್ಲಿ ಕಾಗದದಂಥ ಬಿಳಿ ಕಲೆ, ಸುಳಿಯಲ್ಲಿ ಹೊಟ್ಟಿನಂಥ ಲದ್ದಿ ಇದ್ದರೆ ಸೈನಿಕ ಹುಳು ಇರಬಹುದು. ಗುರುತಿನ ಚಿತ್ರಗಳು, ಯಾವಾಗ ಏನು ಮಾಡಬೇಕು ಎಂಬ ವಿವರ ಈ ಲೇಖನದಲ್ಲಿದೆ. ಓದಲು ಹತ್ತು ನಿಮಿಷ. ಅನುಮಾನ ಇದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿರಿ.” ಇದರ ಕೆಳಗೆ ಲೇಖನ ಬರೆಯಿಸಿದ ಸಂಸ್ಥೆಯ ಹೆಸರು, ಪ್ರಕಟವಾದ ದಿನಾಂಕ, ಕಳುಹಿಸಿದವರ ಹೆಸರು ಇರತಕ್ಕದ್ದು.

ಈ ಒಕ್ಕಣೆಯ ಮೊದಲ ಸಾಲು ಯಾರಿಗೆ ಎಂಬುದನ್ನು ಹೇಳುತ್ತದೆ. ರಾಗಿ ಬಿತ್ತಿದವನು ಅಷ್ಟಕ್ಕೆ ಬಿಟ್ಟು ಮುಂದೆ ಹೋಗಬಹುದು. ಹಾಗೆ ಹೋಗುವುದರಿಂದ ನಷ್ಟವಿಲ್ಲ. ಎಲ್ಲರನ್ನೂ ಕರೆಯುವ ಸಂದೇಶಕ್ಕೆ ಯಾರೂ ಓಗೊಡುವುದಿಲ್ಲವೆಂಬುದು ಅನುಭವಸಿದ್ಧ. ಎರಡನೆಯ ಸಾಲು ಲೇಖನವನ್ನು ತೆರೆಯದವನಿಗೂ ಒಂದು ಕೆಲಸವನ್ನು ಕೊಡುತ್ತದೆ. ಕೆಲವು ಸಂಸ್ಥೆಗಳವರು ಎಲ್ಲವನ್ನೂ ಬಚ್ಚಿಟ್ಟು, “ಈ ರಹಸ್ಯವನ್ನು ತಿಳಿಯಲು ಒಳಗೆ ಓದಿರಿ” ಎಂದು ಕುತೂಹಲ ಕೆರಳಿಸುವರು. ಪತ್ತೇದಾರಿ ಕಾದಂಬರಿಗೆ ಇದು ತಕ್ಕ ಉಪಾಯವಿರಬಹುದು. ಬೇಸಾಯದ ಸಲಹೆಯಲ್ಲಿ ಗುಟ್ಟು ಇಡುವುದು ಸಲ್ಲದು. ಸುಳಿಯನ್ನು ಬಿಡಿಸಿ ಹುಳುವನ್ನು ಕಣ್ಣಾರೆ ಕಂಡ ರೈತನು ತಾನಾಗಿಯೇ ಲೇಖನವನ್ನು ತೆರೆಯುವನು. ಅವನಿಗೆ ಆಗ ಅದರ ಅಗತ್ಯವಿರುತ್ತದೆ. “ಇರಬಹುದು” ಎಂಬ ಮಾತನ್ನೂ ಬೇಕೆಂದೇ ಹಾಕಿದೆ. ಎಲೆಯಲ್ಲಿ ಕಂಡ ಪ್ರತಿಯೊಂದು ತೂತೂ ಸೈನಿಕ ಹುಳುವಿನದಲ್ಲ. ಕಾಂಡಕೊರಕವೂ ಸುಳಿಯಲ್ಲಿ ತೂತುಗಳನ್ನು ಮಾಡುತ್ತದೆ.

ಪೈರಿನ ಹೆಸರಿನ ವಿಷಯದಲ್ಲಿ ವಿಶೇಷವಾದ ಎಚ್ಚರ ಬೇಕು. ಒಂದೇ ಪೈರನ್ನು ದಾವಣಗೆರೆಯ ಕಡೆ ಮೆಕ್ಕೆಜೋಳವೆಂದೂ, ಮೈಸೂರು ಹಾಸನಗಳ ಕಡೆ ಮುಸುಕಿನ ಜೋಳವೆಂದೂ, ಧಾರವಾಡ ಹಾವೇರಿಗಳ ಕಡೆ ಗೋವಿನ ಜೋಳವೆಂದೂ, ಬೆಳಗಾವಿಯ ಕಡೆ ಗೊಂಜಾಳವೆಂದೂ ಕರೆಯುವರು. ಬೆಂಗಳೂರಿನಲ್ಲಿ ಕುಳಿತು ಬರೆದವನ “ಮುಸುಕಿನ ಜೋಳ”ವು ರಾಣೆಬೆನ್ನೂರಿನ ಹೊಲದಲ್ಲಿ ಪರದೇಶದ ಮಾತಿನಂತೆ ಕೇಳೀತು. ಬರಿದಾಗಿ “ಜೋಳ” ಎಂದು ಬರೆದರಂತೂ ಉತ್ತರ ಜಿಲ್ಲೆಗಳವರು ಬಿಳಿಜೋಳವೆಂದೇ ತಿಳಿಯುವರು. ಲೇಖನದಲ್ಲಿ ಯಾವ ಹೆಸರೇ ಇರಲಿ, ಸಂದೇಶದಲ್ಲಿ ಊರಿನವರು ಆಡುವ ಹೆಸರೇ ಇರತಕ್ಕದ್ದು. ಹುಳುವಿನ ಹೆಸರಿಗೂ, ಅಳತೆ ಪ್ರಮಾಣಗಳಿಗೂ ಇದೇ ನಿಯಮ. ಹೆಕ್ಟೇರಿನ ಲೆಕ್ಕವನ್ನು ಎಕರೆಗೆ ಇಳಿಸಿ, ಗುಂಟೆಯ ಮಾತು ನಡೆಯುವಲ್ಲಿ ಗುಂಟೆಗೂ ಇಳಿಸಿ ಹೇಳಬೇಕು.

ಹೆಸರಿನ ಶಕ್ತಿಗೆ ನಮ್ಮಲ್ಲಿಯೇ ಒಳ್ಳೆಯ ನಿದರ್ಶನವಿದೆ. ಪುತ್ತೂರಿನಿಂದ 1988ರಿಂದ ಹೊರಬರುತ್ತಿರುವ ‘ಅಡಿಕೆ ಪತ್ರಿಕೆ’ಯನ್ನು ಬಲ್ಲವರು ಬಹುಮಂದಿ. 2021ರಲ್ಲಿ ಬಾಳೆಕಾಯಿಯ ಬೆಲೆ ಕುಸಿದಾಗ, ಕಾಯಿಯನ್ನು ಒಣಗಿಸಿ ಹುಡಿಮಾಡಿ ಮನೆಯಲ್ಲಿಯೇ ಬಳಸಬಹುದೆಂಬ ಸಂಗತಿಯನ್ನು ಆ ಪತ್ರಿಕೆಯವರು ವಾಟ್ಸ್‌ಆಪ್ ಗುಂಪುಗಳ ಮೂಲಕ ಸಾರಿದರು. ಬಾಳೆಕಾಯಿ ಹುಡಿ ಎಂಬ ಮಾತನ್ನು ಅವರು “ಬಾಕಾಹು” ಎಂದು ಚಿಕ್ಕದಾಗಿಸಿದರು. ಮೂರಕ್ಷರದ ಆ ಮಾತು ನಾಲಗೆಗೆ ಹತ್ತಿತು. ಉತ್ತರ ಕನ್ನಡ ಮುಂತಾದ ಜಿಲ್ಲೆಗಳ ಗೃಹಿಣಿಯರು ತಾವು ಮಾಡಿದ ಹುಡಿಯ, ಅದರ ರೊಟ್ಟಿ ದೋಸೆಗಳ ಚಿತ್ರಗಳನ್ನು ತಾವೇ ಹಂಚಲಾರಂಭಿಸಿದರು. ಪತ್ರಿಕೆಯವರ ಹೊಗಳಿಕೆಗಿಂತ ನೆರೆಮನೆಯಾಕೆಯ ದೋಸೆಯ ಚಿತ್ರವು ಹೆಚ್ಚು ಜನರನ್ನು ಒಲಿಸಿತೆಂದರೆ ತಪ್ಪಲ್ಲ. ಹುಳುವಿನ ಸಂದೇಶಕ್ಕೂ ಇದು ಸಲ್ಲುತ್ತದೆ. ಪರದೇಶದ ಪುಸ್ತಕದಿಂದ ತೆಗೆದ ಸುಂದರವಾದ ಚಿತ್ರಕ್ಕಿಂತ, ನಿಮ್ಮ ಊರಿನ ಹೊಲದಲ್ಲಿ ಆ ದಿನ ಬೆಳಿಗ್ಗೆ ತೆಗೆದ, ಅಂಗೈಯ ಮೇಲಿಟ್ಟ ಹುಳುವಿನ ಚಿತ್ರವನ್ನು ಸಂದೇಶಕ್ಕೆ ಸೇರಿಸಿರಿ.

ಇನ್ನು ಅತಿಶಯೋಕ್ತಿಯ ಮಾತು. ಮೋಹಕ ಬಲೆಗಳ ವಿಷಯವಾಗಿ ಲೇಖನದಲ್ಲಿ ಒಂದು ಪ್ಯಾರ ಇರುತ್ತದೆಂದಿಟ್ಟುಕೊಳ್ಳೋಣ. ಸಂದೇಶ ಬರೆಯುವವನು ಅದನ್ನು “ಎಕರೆಗೆ ಐದು ಬಲೆ ಕಟ್ಟಿರಿ, ಹುಳುವನ್ನು ನಿರ್ಮೂಲ ಮಾಡಿರಿ” ಎಂದು ತಿರುಗಿಸುತ್ತಾನೆ. ಆ ಬಲೆಗೆ ಬೀಳುವುದು ಗಂಡು ಪತಂಗ ಮಾತ್ರ. ಎಕರೆಗೆ ಐದರಂತೆ ಕಟ್ಟುವ ಬಲೆಗಳ ಮುಖ್ಯ ಪ್ರಯೋಜನವು ಪತಂಗಗಳು ಬಂದಿವೆಯೇ ಇಲ್ಲವೇ ಎಂಬುದನ್ನು ತಿಳಿದು ಹೊಲವನ್ನು ಪರೀಕ್ಷಿಸಲು ಎಚ್ಚರಿಸುವುದು. ಸಂದೇಶವನ್ನು ನಂಬಿ ಬಲೆ ಕಟ್ಟಿ ನಿಶ್ಚಿಂತನಾದವನು ಸುಳಿ ನೋಡುವುದನ್ನೇ ಬಿಡುವನು. ಪೈರು ಹಾಳಾದ ಮೇಲೆ ಆ ಸಂಸ್ಥೆಯ ಮುಂದಿನ ಹತ್ತು ಲೇಖನಗಳನ್ನೂ ಓದನು. ದೂರವಾಣಿಯ ಮೂಲಕ ಕೊಡುವ ಬೇಸಾಯದ ಸಲಹೆಯಿಂದ ಎಷ್ಟು ಲಾಭವಾಗುತ್ತದೆಂಬುದನ್ನು ಭಾರತ ಮತ್ತು ಆಫ್ರಿಕದ ಹಲವು ಪ್ರಯೋಗಗಳಿಂದ ಒಟ್ಟುಗೂಡಿಸಿ ಮೈಕೇಲ್ ಕ್ರೆಮರ್ ಮೊದಲಾದ ಅರ್ಥಶಾಸ್ತ್ರಜ್ಞರು 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಳುವರಿಯ ಹೆಚ್ಚಳವು ಸರಾಸರಿ ಶೇಕಡ 4ರಷ್ಟು ಎಂದು ಅವರ ಲೆಕ್ಕ. ಖರ್ಚು ಅತ್ಯಲ್ಪವಾದ್ದರಿಂದ ಇದು ಕಡೆಗಣಿಸತಕ್ಕ ಲಾಭವಲ್ಲ. ಆದರೆ “ಇಳುವರಿ ದ್ವಿಗುಣ” ಎಂದು ಸಾರುವ ಸಂದೇಶಗಳು ಎಷ್ಟು ಹುಸಿಯೆಂಬುದು ಇದರಿಂದ ತಿಳಿದೀತು.

ಔಷಧದ ಪ್ರಮಾಣವನ್ನು ಕಿರುಸಂದೇಶದಲ್ಲಿ ಬರೆಯಲೇ ಕೂಡದೆಂದು ನಮ್ಮ ಖಚಿತವಾದ ಸಲಹೆ. ಓದುವವರಿಗೆ ಅನುಕೂಲವಾಗಲೆಂದು ಅನೇಕರು ಬರೆಯುತ್ತಾರೆ. ಅನರ್ಥವು ಅಲ್ಲಿಯೇ ಹುಟ್ಟುತ್ತದೆ. ಎಮಾಮೆಕ್ಟಿನ್ ಬೆಂಜೋಯೇಟ್ ಶೇಕಡ 5ರ ಹರಳು ಔಷಧಕ್ಕೆ ಈ ಹುಳುವಿನ ವಿಷಯದಲ್ಲಿ ಶಿಫಾರಸು ಆಗಿರುವ ಪ್ರಮಾಣವು ಒಂದು ಲೀಟರ್ ನೀರಿಗೆ 0.4 ಗ್ರಾಂ. ಕೈಯಿಂದ ಕೈಗೆ ನಕಲಾಗುವಾಗ ಆ ಸಣ್ಣ ಚುಕ್ಕೆಯು ಬಿದ್ದುಹೋದರೆ 4 ಗ್ರಾಂ ಆಗುತ್ತದೆ, ಅಂದರೆ ಹತ್ತು ಪಾಲು. ಹಣವೂ ಪೈರೂ ಹಾಗಿರಲಿ, ಮುಖಕ್ಕೆ ಬಟ್ಟೆಯನ್ನೂ ಕಟ್ಟದೆ ಪಂಪು ಹೊತ್ತು ನಡೆಯುವ ಕೂಲಿಯಾಳಿನ ಗತಿಯನ್ನು ಜಮೀನುದಾರರು ಮನಸ್ಸಿಗೆ ತಂದುಕೊಳ್ಳಬೇಕು. ಲೇಖನದಲ್ಲಿ ಪ್ರಮಾಣದೊಂದಿಗೆ ಪೈರಿನ ವಯಸ್ಸು, ಬಾಧೆಯ ಮಟ್ಟ, ಸಿಂಪಡಿಸುವ ಹೊತ್ತು, ಕೊಯ್ಲಿಗೆ ಮುಂಚೆ ಬಿಡಬೇಕಾದ ದಿನಗಳು ಎಲ್ಲವೂ ಇರುತ್ತವೆ. ಅವುಗಳಿಂದ ಬೇರ್ಪಡಿಸಿದ ಅಂಕಿಯು ಒರೆಯಿಲ್ಲದ ಕತ್ತಿಯಂತೆ. “ಪ್ರಮಾಣವನ್ನು ಲೇಖನದಲ್ಲಿ ನೋಡಿ, ಡಬ್ಬಿಯ ಮೇಲಿನ ಚೀಟಿಯೊಂದಿಗೆ ಹೋಲಿಸಿರಿ” ಎಂದರೆ ಸಾಕು.

ಒಂದು ಲೇಖನಕ್ಕೆ ಒಂದೇ ಸಂದೇಶವೆಂಬ ಕಟ್ಟುಪಾಡೇನೂ ಇಲ್ಲ. ಮುಂಗಾರಿನ ಬಿತ್ತನೆಗೆ ಮುಂಚೆ, ಬೀಜೋಪಚಾರದ ಭಾಗವನ್ನು ತೋರಿಸುವ ಸಂದೇಶ. ಪೈರು ಮೊಳೆತ ಮೇಲೆ ಮೊಟ್ಟೆಯ ಗುಂಪುಗಳನ್ನು ಹುಡುಕಿ ಹೊಸಕುವುದನ್ನು ಹೇಳುವ ಸಂದೇಶ. ಅನಂತರ ಸುಳಿ ನೋಡುವ ಸಂದೇಶ. ಕೊಂಡಿ ಒಂದೇ, ಕರೆಯುವ ಮಾತು ಬೇರೆ. ಕಳೆ ಕೀಳುವ ಹೆಂಗಸರು ಪೈರಿಗೆ ಬಗ್ಗಿ ನಡೆಯುವವರಾದ್ದರಿಂದ ಮೊಟ್ಟೆಯನ್ನು ಮೊದಲು ಕಾಣುವವರು ಅವರೇ. ಸ್ತ್ರೀಶಕ್ತಿ ಸಂಘಗಳ ಗುಂಪಿಗೆ ಪ್ರತ್ಯೇಕವಾಗಿ ಬರೆದರೆ ವ್ಯರ್ಥವಾಗದು. ಹೊತ್ತನ್ನೂ ನೋಡಿಕೊಳ್ಳಬೇಕು. ಸಂಜೆ ಡೇರಿಗೆ ಹಾಲು ಹಾಕಿ ಮನೆಗೆ ಬಂದವರಿಗೆ ಓದಲು ಬಿಡುವಿರುತ್ತದೆ, ಮರುದಿನ ಬೆಳಿಗ್ಗೆ ನೋಡಲು ಹೊಲವಿರುತ್ತದೆ. ಓದಲು ಬಾರದವರಿಗಾಗಿ ಅದೇ ನಾಲ್ಕು ಸಾಲುಗಳನ್ನು ಅರ್ಧ ನಿಮಿಷದ ಧ್ವನಿಯಾಗಿ ಕಳುಹಿಸಬಹುದು. ಊರಿನವರ ಪರಿಚಯದ ಕಂಠವಾಗಿದ್ದರೆ ಮತ್ತೂ ಒಳ್ಳೆಯದು.

ಫೇಸ್‌ಬುಕ್ಕಿನಲ್ಲಿ ಉದ್ದವಾದ ಬರಹದ ಕೊನೆಯನ್ನು ಮುಚ್ಚಿಡುವ ಪದ್ಧತಿಯಿರುವುದರಿಂದ ಮುಖ್ಯವಾದ ಮಾತು ಮೊದಲ ಎರಡು ಸಾಲುಗಳಲ್ಲಿಯೇ ಮುಗಿಯಬೇಕು. ಹಿಂದೆ ಟ್ವಿಟರ್ ಎಂದು ಹೆಸರಿದ್ದ ಎಕ್ಸ್ ತಾಣದಲ್ಲಿ ಸಾಮಾನ್ಯ ಬಳಕೆದಾರರಿಗೆ 2017ರಿಂದ 280 ಅಕ್ಷರಗಳ ಮಿತಿಯುಂಟು. ಕನ್ನಡದ ಒತ್ತು ಕಾಗುಣಿತಗಳೂ ಲೆಕ್ಕಕ್ಕೆ ಬರುವುದರಿಂದ ಇನ್ನೂ ಕಡಿಮೆಯೆಂದೇ ತಿಳಿಯಬೇಕು. ಗ್ರಾಮಾಂತರದಲ್ಲಿ ಅದರ ಬಳಕೆ ವಿರಳವಾದ್ದರಿಂದ ಇಷ್ಟು ಸಾಕು.

ಬರಿಯ ಕೊಂಡಿಯನ್ನು ಮಾತ್ರ, ಒಂದು ಮಾತೂ ಸೇರಿಸದೆ ಕಳುಹಿಸುವವರೂ ಇದ್ದಾರೆ. ಇದು ಈಗ ಅಪಾಯಕರ. ಪಿ.ಎಂ. ಕಿಸಾನ್ ಮುಂತಾದ ಸರ್ಕಾರಿ ಯೋಜನೆಗಳ ಹೆಸರಿನಲ್ಲಿ ಕಳ್ಳ ಕಡತಗಳನ್ನು ಕಳುಹಿಸಿ, ತೆರೆದವರ ಬ್ಯಾಂಕಿನ ಹಣವನ್ನು ಅಪಹರಿಸುವ ವಂಚಕರು ಹೆಚ್ಚಿದ್ದಾರೆ. ಅಪರಿಚಿತವಾದ ಕೊಂಡಿಯನ್ನು ಒತ್ತಬೇಡಿರೆಂದು ಪೊಲೀಸರೂ ಬ್ಯಾಂಕಿನವರೂ ಸಾರುತ್ತಿರುವಾಗ, ನಮ್ಮ ಸಂದೇಶವು ಆ ಅನುಮಾನಕ್ಕೆ ಉತ್ತರವನ್ನು ತನ್ನಲ್ಲಿಯೇ ಹೊತ್ತಿರಬೇಕು. ಕೊಂಡಿಯು ಯಾರ ಲೇಖನಕ್ಕೆ ಒಯ್ಯುತ್ತದೆ, ಅದು ಉಚಿತವೇ, ಹೆಸರು ಸಂಖ್ಯೆಗಳನ್ನು ಕೇಳುವುದೇ ಇಲ್ಲವೇ ಎಂಬುದನ್ನು ತಿಳಿಸತಕ್ಕದ್ದು. ದಿನಾಂಕದೊಂದಿಗೆ ವರ್ಷವನ್ನೂ ಬರೆಯಬೇಕು. ವರ್ಷವಿಲ್ಲದ ಸಂದೇಶಗಳು ಸಾಯುವುದಿಲ್ಲ. “ಈ ವಾರ ಹುಳು ಬಂದಿದೆ” ಎಂಬುದು ಮೂರು ವರ್ಷಗಳ ತರುವಾಯ ಬೇರೊಂದು ತಾಲ್ಲೂಕಿನಲ್ಲಿ ತಲೆಯೆತ್ತಿ ಜನರನ್ನು ಅಂಗಡಿಗೆ ಓಡಿಸುತ್ತದೆ.

ಸಂದೇಶವನ್ನು ಹಾಕಿದ ಮೇಲೆ ಬರುವ ಪ್ರಶ್ನೆಗಳಿಗೆ ಒಂದೆರಡು ದಿನಗಳಾದರೂ ಉತ್ತರ ಕೊಡಲು ಸಿದ್ಧರಿರಬೇಕು. ತಿಳಿಯದ ಪ್ರಶ್ನೆಯಾದರೆ ಸಂಸ್ಥೆಯವರನ್ನಾಗಲಿ, 1800-180-1551 ಎಂಬ ಕಿಸಾನ್ ಕಾಲ್ ಸೆಂಟರಿನ ಉಚಿತ ಸಂಖ್ಯೆಯನ್ನಾಗಲಿ ತೋರಿಸಬಹುದು. ಒಕ್ಕಣೆಯಲ್ಲಿ ತಪ್ಪು ಕಂಡುಬಂದರೆ ವಾಟ್ಸ್‌ಆಪಿನಲ್ಲಿ ಹದಿನೈದು ನಿಮಿಷಗಳೊಳಗೆ ತಿದ್ದುವ ಸೌಕರ್ಯವು 2023ರಿಂದ ಇದೆ; ಎಲ್ಲರ ಕಡೆಯಿಂದಲೂ ಅಳಿಸಿಹಾಕುವ ಅವಕಾಶವು ಎರಡು ದಿನಗಳಿಗಿಂತ ಸ್ವಲ್ಪ ಹೆಚ್ಚು ಕಾಲ ಇರುತ್ತದೆ. ಗುಂಪಿನ ಮೇಲ್ವಿಚಾರಕರು ಇತರರು ಹಾಕಿದ ಸಂದೇಶವನ್ನೂ ಅಳಿಸಬಲ್ಲರು. ಆದರೆ ಅಷ್ಟರಲ್ಲಿ ಅದು ಬೇರೆ ಗುಂಪುಗಳಿಗೆ ದಾಟಿದ್ದರೆ ಅಲ್ಲಿನ ಪ್ರತಿಯು ಹಾಗೆಯೇ ಉಳಿಯುವುದರಿಂದ, ಅಳಿಸಿ ಸುಮ್ಮನಾಗದೆ, ಹಿಂದಿನ ಸಂದೇಶದ ಯಾವ ಮಾತು ತಪ್ಪು, ಸರಿಯಾದುದು ಯಾವುದು ಎಂಬುದನ್ನು ದಿನಾಂಕಸಹಿತವಾಗಿ ಹೊಸದಾಗಿ ಬರೆದು, ಮೊದಲು ಹಂಚಿದ ಪ್ರತಿಯೊಂದು ಗುಂಪಿಗೂ ಕಳುಹಿಸತಕ್ಕದ್ದು.